ಚಲನಚಿತ್ರ ಸಮಾಜಗಳು: ಸ್ವರೂಪ, ಹಿನ್ನೆಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ನಿರ್ವಹಣೆ

ಚಲನಚಿತ್ರ ಸಮಾಜವೆಂದರೆ ಲಾಭದ ಉದ್ದೇಶವಿಲ್ಲದೆ, ಸದಸ್ಯರ ವಂತಿಗೆಯಿಂದ ಮತ್ತು ಸ್ವಯಂಸೇವಕರ ಶ್ರಮದಿಂದ ನಡೆಯುವ ನೋಂದಾಯಿತ ಸಂಘ. ವಾಣಿಜ್ಯ ಚಿತ್ರಮಂದಿರಗಳಿಗೆ ಸಾಮಾನ್ಯವಾಗಿ ಬಾರದ ದೇಶ ವಿದೇಶಗಳ ಶ್ರೇಷ್ಠ ಚಿತ್ರಗಳನ್ನು ತರಿಸಿ ಸದಸ್ಯರಿಗೆ ತೋರಿಸುವುದು, ಆ ಚಿತ್ರಗಳ ಕುರಿತು ಚರ್ಚೆ ಏರ್ಪಡಿಸುವುದು ಹಾಗೂ ಚಿತ್ರ ನೋಡುವ ಅಭಿರುಚಿಯನ್ನು ಬೆಳೆಸುವುದು ಇದರ ಮುಖ್ಯ ಕಾರ್ಯವಾಗಿರುತ್ತದೆ. ಚಿತ್ರಮಂದಿರದಲ್ಲಿ ಪ್ರೇಕ್ಷಕನು ಟಿಕೆಟು ಪಡೆದ ಗ್ರಾಹಕನಾದರೆ, ಸಮಾಜದಲ್ಲಿ ಆತನೇ ಸಂಘದ ಸದಸ್ಯನೂ, ಮತದಾರನೂ, ಅಗತ್ಯ ಬಿದ್ದಲ್ಲಿ ಪರದೆ ಕಟ್ಟುವ ಕೆಲಸಗಾರನೂ ಆಗಿರುತ್ತಾನೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಇಂತಹ ಸಂಘಗಳನ್ನು ರಚಿಸಲು ಆಸಕ್ತಿಯುಳ್ಳ ನಾಗರಿಕರು, ಶಿಕ್ಷಕರು ಮತ್ತು ಯುವಜನರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ನಾಲ್ಕು ತಾಲ್ಲೂಕುಗಳ ಚಲನಚಿತ್ರ ಪರಂಪರೆ

ಚಲನಚಿತ್ರ ಸಮಾಜವು ನಗರವಾಸಿಗಳ ಹವ್ಯಾಸ, ಗ್ರಾಮೀಣ ತಾಲ್ಲೂಕುಗಳಿಗೆ ಅದು ಹೊರಗಿನ ವಸ್ತು ಎಂಬ ಅಭಿಪ್ರಾಯವು ಸಾಮಾನ್ಯವಾಗಿದೆ. ಈ ಸೀಮೆಯ ಮಟ್ಟಿಗಂತೂ ಅದು ಸರಿಯಲ್ಲ.

ಸತ್ಯ ಹರಿಶ್ಚಂದ್ರ (1965), ಭಕ್ತ ಕುಂಬಾರ (1974), ಬಭ್ರುವಾಹನ (1977) ಮುಂತಾದ ಚಿತ್ರಗಳ ನಿರ್ದೇಶಕರಾದ ಹುಣಸೂರು ಕೃಷ್ಣಮೂರ್ತಿಯವರು ತಮ್ಮ ಊರಿನ ಹೆಸರಿನಿಂದಲೇ ನಾಡಿಗೆ ಪರಿಚಿತರಾದವರು. ಬೆಳ್ಳಿಮೋಡ (1967), ಗೆಜ್ಜೆಪೂಜೆ, ಶರಪಂಜರ (1971), ನಾಗರಹಾವು (1972), ರಂಗನಾಯಕಿ (1981) ಚಿತ್ರಗಳನ್ನು ನಿರ್ದೇಶಿಸಿದ ಪುಟ್ಟಣ್ಣ ಕಣಗಾಲ್ ಅವರು (1933-1985) ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಚಿತ್ರಗೀತೆಗಳ ರಚನೆಗೆ ಹೆಸರಾದ ಕಣಗಾಲ್ ಪ್ರಭಾಕರಶಾಸ್ತ್ರಿಯವರು ಇವರ ಸೋದರರು. ಚಲನಚಿತ್ರ ರಂಗದ ನಿರ್ದೇಶಕರಿಗೆ ರಾಜ್ಯ ಸರ್ಕಾರ ನೀಡುವ ಪ್ರಶಸ್ತಿಯೊಂದು ಪುಟ್ಟಣ್ಣನವರ ಹೆಸರಿನಲ್ಲಿದೆ.

ಹೆಗ್ಗಡದೇವನಕೋಟೆ ಸೀಮೆಯ ನಂಟು ಇದಕ್ಕಿಂತ ಹಳೆಯದು ಹಾಗೂ ಕನ್ನಡನಾಡಿನ ಗಡಿಯನ್ನು ಮೀರಿದ್ದು. ಕಬಿನಿ ದಂಡೆಯ ಕಾರಾಪುರದಲ್ಲಿ 1924ರಲ್ಲಿ ಮಾವುತರ ಮನೆಯಲ್ಲಿ ಹುಟ್ಟಿದ ಸಾಬು ಎಂಬ ಬಾಲಕನು ಮೈಸೂರು ಮಹಾರಾಜರ ಗಜಶಾಲೆಯಲ್ಲಿ ಬೆಳೆಯುತ್ತಿದ್ದಾಗ, ಸಾಕ್ಷ್ಯಚಿತ್ರದ ಆದ್ಯರಲ್ಲಿ ಒಬ್ಬರೆಂದು ಪರಿಗಣಿತರಾದ ರಾಬರ್ಟ್ ಫ್ಲಾಹರ್ಟಿಯವರ ಚಿತ್ರತಂಡದ ಕಣ್ಣಿಗೆ ಬಿದ್ದನು. ಕಿಪ್ಲಿಂಗ್ ಅವರ ಕಥೆಯನ್ನು ಆಧರಿಸಿದ 'ಎಲಿಫೆಂಟ್ ಬಾಯ್' ಚಿತ್ರದಲ್ಲಿ ಆತನೇ ನಾಯಕನಾದನು. ಮೈಸೂರು ಸೀಮೆಯ ಕಾಡು ಮತ್ತು ಆನೆಗಳ ಭಾಗವನ್ನು ಫ್ಲಾಹರ್ಟಿಯವರು ಇಲ್ಲಿ ಚಿತ್ರೀಕರಿಸಿದರೆ, ಉಳಿದ ಭಾಗವು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಜೋಲ್ಟನ್ ಕೊರ್ಡಾ ಅವರ ನಿರ್ದೇಶನದಲ್ಲಿ ಸಿದ್ಧವಾಯಿತು. 1937ರ ವೆನಿಸ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಉತ್ತಮ ನಿರ್ದೇಶನದ ಪ್ರಶಸ್ತಿ ದೊರೆಯಿತು. ಸಾಬು ಮುಂದೆ 'ದ ಥೀಫ್ ಆಫ್ ಬಗ್ದಾದ್' (1940), 'ಜಂಗಲ್ ಬುಕ್' (1942), 'ಬ್ಲ್ಯಾಕ್ ನಾರ್ಸಿಸಸ್' (1947) ಚಿತ್ರಗಳಲ್ಲಿ ನಟಿಸಿ ಅಮೆರಿಕದಲ್ಲಿ ನೆಲೆಸಿದರು, 1963ರಲ್ಲಿ ನಿಧನರಾದರು. ಇದೇ ಕಾಡಿನ ಹೆಸರನ್ನು ಹೊತ್ತ ಮಾಸ್ತಿಯವರ 'ಕಾಕನಕೋಟೆ' ನಾಟಕವನ್ನು ಸಿ.ಆರ್. ಸಿಂಹ ಅವರು 1977ರಲ್ಲಿ ಚಲನಚಿತ್ರವಾಗಿಸಿದರು. ಕಾಕನಕೋಟೆಯ ಖೆಡ್ಡಾ ಕಾರ್ಯಾಚರಣೆಯು 1971ರಲ್ಲಿ ಕೊನೆಯ ಬಾರಿಗೆ ನಡೆಯಿತು. ನಂತರದ ವರ್ಷಗಳಲ್ಲಿ ಕಬಿನಿ ಜಲಾಶಯದ ಹಿನ್ನೀರು ಆ ಪ್ರದೇಶದ ಬಹುಭಾಗವನ್ನು ಆವರಿಸಿತು.

'ಎಲಿಫೆಂಟ್ ಬಾಯ್' ಚಿತ್ರದಲ್ಲಿ ಯಾವ ದೃಶ್ಯ ನಿಜವಾದ ಕಾಡಿನದು, ಯಾವುದು ಸ್ಟುಡಿಯೋದಲ್ಲಿ ಕಟ್ಟಿದ್ದು ಎಂಬುದನ್ನು ಗುರುತಿಸಲು ಬಳ್ಳೆ, ದಮ್ಮನಕಟ್ಟೆ ಕಡೆಯ ಹಿರಿಯ ಮಾವುತರೊಬ್ಬರಿಗೆ ಆಗುವಷ್ಟು ಸುಲಭವಾಗಿ ಲಂಡನ್ನಿನ ವಿಮರ್ಶಕರಿಗೆ ಆಗಲಾರದು. ಆದರೆ ಆ ಚಿತ್ರವನ್ನು ತೆರೆಯ ಮೇಲೆ ನೋಡುವ ಅವಕಾಶ ಲಂಡನ್ನಿನವರಿಗೆ ದೊರೆತಷ್ಟು ಈ ಹಿರಿಯರಿಗೆ ದೊರೆತಿಲ್ಲ. ಕಣಗಾಲಿನ ಶಾಲಾ ಮಕ್ಕಳಿಗೆ 'ಗೆಜ್ಜೆಪೂಜೆ'ಯ ಹಾಡುಗಳು ಪರಿಚಿತವಾಗಿರಬಹುದು. ಇಡೀ ಚಿತ್ರವನ್ನು ಕತ್ತಲ ಕೋಣೆಯಲ್ಲಿ, ಹತ್ತಾರು ಜನರ ನಡುವೆ ಕುಳಿತು ನೋಡಿದ ಅನುಭವ ಬೇರೆಯೇ ಆದುದು. ಚಲನಚಿತ್ರ ಸಮಾಜವು ನೀಗಿಸಬೇಕಾದ ಕೊರತೆ ಇದೇ ಆಗಿದೆ.

ಚಳವಳಿಯ ಹಿನ್ನೆಲೆ

ಈ ಮಾದರಿಯ ಸಂಘಗಳಲ್ಲಿ ಪ್ರಸಿದ್ಧವಾದ ಲಂಡನ್ ಫಿಲ್ಮ್ ಸೊಸೈಟಿಯು 1925ರಲ್ಲಿ ಆರಂಭವಾಯಿತು. ಭಾರತದಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತು ಗೆಳೆಯರು 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. 1952ರಲ್ಲಿ ನಡೆದ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವವು ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್'ನಂತಹ ಚಿತ್ರಗಳನ್ನು ಭಾರತೀಯ ಪ್ರೇಕ್ಷಕರ ಮುಂದಿಟ್ಟಿತು. 1959ರಲ್ಲಿ ದೇಶದ ವಿವಿಧ ಸಂಘಗಳು ಸೇರಿ ಭಾರತೀಯ ಚಲನಚಿತ್ರ ಸಮಾಜಗಳ ಒಕ್ಕೂಟವನ್ನು ರಚಿಸಿದವು. ರಾಯ್ ಅವರೇ ಅದರ ಮೊದಲ ಅಧ್ಯಕ್ಷರಾದರು. 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಚಿತ್ರಗಳ 16 ಮಿಲಿಮೀಟರ್ ಪ್ರತಿಗಳನ್ನು ಸಮಾಜಗಳಿಗೆ ಎರವಲು ನೀಡುವ ವ್ಯವಸ್ಥೆ ಮಾಡಿದ ನಂತರ ಸಣ್ಣ ಊರುಗಳಿಗೂ ಹಾದಿ ತೆರೆಯಿತು. ಈ ಸಂಗ್ರಹಾಲಯವು 2022ರಿಂದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಭಾಗವಾಗಿ ಕಾರ್ಯನಿರ್ವಹಿಸುತ್ತಿದೆ.

ಹೆಗ್ಗಡದೇವನಕೋಟೆಗೆ ಹೊಂದಿಕೊಂಡ ಕೇರಳದಲ್ಲಿ ಅಡೂರ್ ಗೋಪಾಲಕೃಷ್ಣನ್ ಮತ್ತು ಸಂಗಡಿಗರು 1965ರಲ್ಲಿ ತಿರುವನಂತಪುರದಲ್ಲಿ 'ಚಿತ್ರಲೇಖ' ಸಮಾಜವನ್ನು ಆರಂಭಿಸಿದರು; ಅಲ್ಲಿಂದ ಮುಂದೆ ಆ ರಾಜ್ಯದ ಸಣ್ಣ ಪಟ್ಟಣಗಳಿಗೂ ಸಮಾಜಗಳು ಹರಡಿದವು. ಕರ್ನಾಟಕದಲ್ಲಿ 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಸುಚಿತ್ರ' ಫಿಲ್ಮ್ ಸೊಸೈಟಿಯು ಬನಶಂಕರಿಯಲ್ಲಿ ಸ್ವಂತ ಕಟ್ಟಡವನ್ನು ಹೊಂದಿದೆ. 2006ರಲ್ಲಿ ಆರಂಭವಾದ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಚಾಲನೆ ನೀಡಿದ್ದು ಇದೇ ಸಂಸ್ಥೆ. ನಂತರ ಆ ಉತ್ಸವದ ಹೊಣೆಯನ್ನು ರಾಜ್ಯ ಸರ್ಕಾರದ ಕರ್ನಾಟಕ ಚಲನಚಿತ್ರ ಅಕಾಡೆಮಿಯು ವಹಿಸಿಕೊಂಡಿತು. 2016ರ ಆವೃತ್ತಿಯು ಬೆಂಗಳೂರಿನ ಜೊತೆಗೆ ಮೈಸೂರಿನಲ್ಲಿಯೂ ನಡೆಯಿತು.

ಹೆಗ್ಗೋಡಿನ ನಿದರ್ಶನ

ತಾಲ್ಲೂಕು ಮಟ್ಟದ ಕಾರ್ಯಕರ್ತರಿಗೆ ಬೆಂಗಳೂರಿಗಿಂತ ಹೆಚ್ಚು ಉಪಯುಕ್ತವಾದ ಉದಾಹರಣೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡು ಗ್ರಾಮದ್ದಾಗಿದೆ. ಇಲ್ಲಿನ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, 1949ರಲ್ಲಿ ಹವ್ಯಾಸಿ ನಾಟಕ ತಂಡವಾಗಿ ಆರಂಭವಾಯಿತು. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1973ರಲ್ಲಿ ಅದು ತನ್ನದೇ ಚಿತ್ರಸಮಾಜವನ್ನು ಸ್ಥಾಪಿಸಿತು. ಅಡಿಕೆ ತೋಟಗಳ ನಡುವಿನ ಒಂದು ಪುಟ್ಟ ಹಳ್ಳಿಯ ರಂಗಮಂದಿರದಲ್ಲಿ ಕೃಷಿಕರು, ಕೂಲಿಕಾರರು, ಗೃಹಿಣಿಯರು ಹಾಗೂ ಶಾಲಾ ಮಕ್ಕಳು 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್', ಜಪಾನಿನ ಕುರೊಸಾವ ಅವರ 'ರಾಶೋಮನ್' ಚಿತ್ರಗಳನ್ನು ನೋಡಿದರು.

ಇಂತಹ ಚಿತ್ರಗಳು ಹಳ್ಳಿಯವರಿಗೆ ಅರ್ಥವಾಗುವವೇ ಎಂಬ ಪ್ರಶ್ನೆ ಆಗಲೂ ಕೇಳಿಬರುವಂತಹುದಾಗಿತ್ತು, ಈಗಲೂ ಕೇಳಿಬರುತ್ತದೆ. ಹೆಗ್ಗೋಡು ಅದಕ್ಕೆ ವಾದದಿಂದಲ್ಲ, ಕೆಲಸದಿಂದ ಉತ್ತರ ನೀಡಿತು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಮತ್ತು ಪುಣೆಯ ಫಿಲ್ಮ್ ಸಂಸ್ಥೆಯಲ್ಲಿ ಚಿತ್ರ ರಸಗ್ರಹಣ ವಿಷಯದ ಪ್ರಾಧ್ಯಾಪಕರಾಗಿದ್ದ ಸತೀಶ್ ಬಹಾದ್ದೂರ್ ಅವರ ಸಹಕಾರದಿಂದ ಅಲ್ಲಿ ಚಿತ್ರ ರಸಗ್ರಹಣ ಶಿಬಿರಗಳು ನಡೆದವು. ಚಿತ್ರದ ಮೊದಲು ಕನ್ನಡದಲ್ಲಿ ಪರಿಚಯ, ಅನಂತರ ಕನ್ನಡದಲ್ಲಿಯೇ ಚರ್ಚೆ ಎಂಬುದು ಈ ಕಾರ್ಯದ ಜೀವಾಳವಾಗಿತ್ತು. ಸೈಕಲ್ಲು ಕಳೆದುಕೊಂಡರೆ ಕೆಲಸ ಕಳೆದುಕೊಳ್ಳುವ ಮನುಷ್ಯನ ಸಂಕಟವು ರೋಮ್ ನಗರದ್ದಾದರೂ ಸಾಗರದ ಕೂಲಿಕಾರನಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಲ್ಲಿ ಹೇಳುವ 'ರಾಶೋಮನ್', ಪಂಚಾಯಿತಿ ಕಟ್ಟೆಯ ವಿಚಾರಣೆ ಕಂಡವರಿಗೆ ಅಪರಿಚಿತವಾಗಬೇಕಾದ ಕಾರಣವಿಲ್ಲ.

1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ 'ಜನಸ್ಪಂದನ' ಯೋಜನೆಯಡಿ ನಾಟಕ ಮತ್ತು ಚಿತ್ರಗಳನ್ನು ರಾಜ್ಯದ ಇತರ ಗ್ರಾಮಗಳಿಗೂ ಕೊಂಡೊಯ್ಯಲಾಯಿತು. ಸುಬ್ಬಣ್ಣನವರಿಗೆ 1991ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅವರು 2005ರಲ್ಲಿ ನಿಧನರಾದರು. ನಾಯರ್ ಅವರ ಬದುಕನ್ನು ಕುರಿತು ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರು 2012ರಲ್ಲಿ ನಿರ್ಮಿಸಿದ 'ಸೆಲ್ಯುಲಾಯ್ಡ್ ಮ್ಯಾನ್' ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಗ್ರಾಮಸ್ಥರು ದಶಕಗಳ ಹಿಂದೆ ನೋಡಿದ ವಿದೇಶಿ ಚಿತ್ರಗಳನ್ನು ನೆನಪಿಸಿಕೊಂಡು ಮಾತನಾಡುವುದನ್ನು ಕಾಣಬಹುದು. ಹಳ್ಳಿಯ ಪ್ರೇಕ್ಷಕರ ಬಗ್ಗೆ ಸಂದೇಹವುಳ್ಳವರು ಆ ಭಾಗವನ್ನೊಮ್ಮೆ ನೋಡುವುದು ಒಳಿತು.

ಹೆಗ್ಗೋಡಿಗೆ ಮೊದಲೇ ಒಂದು ರಂಗಮಂದಿರವಿತ್ತು, ಎರಡು ದಶಕಗಳ ನಾಟಕದ ಅನುಭವವಿತ್ತು ಎಂಬುದನ್ನು ಮರೆಯುವಂತಿಲ್ಲ. ಆದುದರಿಂದ ಹೊಸ ಸಂಘವನ್ನು ಶೂನ್ಯದಿಂದ ಕಟ್ಟುವುದಕ್ಕಿಂತ, ಈಗಾಗಲೇ ನಡೆಯುತ್ತಿರುವ ಹವ್ಯಾಸಿ ನಾಟಕ ತಂಡ, ಸಾಹಿತ್ಯ ಬಳಗ, ಯುವಕ ಸಂಘ ಅಥವಾ ಕಾಲೇಜಿನ ಕನ್ನಡ ಸಂಘದ ಒಡಲಲ್ಲಿ ಚಿತ್ರಸಮಾಜವನ್ನು ಬೆಳೆಸುವುದು ಹೆಚ್ಚು ಫಲಕಾರಿ.

16 ಮಿಲಿಮೀಟರ್ ಪ್ರತಿಗಳ ಕಾಲದಲ್ಲಿ 1,600 ಅಡಿಯ ಒಂದು ಸುರುಳಿ ಸುಮಾರು 44 ನಿಮಿಷ ಓಡುತ್ತಿತ್ತು. ಒಂದೇ ಪ್ರೊಜೆಕ್ಟರ್ ಇರುವ ಕಡೆ ಸುರುಳಿ ಬದಲಿಸುವಾಗ ದೀಪ ಹತ್ತಿಸಿ, ಅಲ್ಲಿಯವರೆಗಿನ ಕಥೆಯನ್ನು ಪಕ್ಕದವರೊಡನೆ ಮಾತನಾಡಿಕೊಳ್ಳಲು ಬಿಡುವು ದೊರೆಯುತ್ತಿತ್ತು. ಈಗ ಚಿತ್ರವು ಒಂದು ಸಣ್ಣ ಸಾಧನದಲ್ಲಿ ಅಡಗಿ ಬರುತ್ತದೆ. ಬಿಡುವು ಮಾತ್ರ ತಾನಾಗಿ ಬರುವುದಿಲ್ಲ, ಸಂಘಟಕರು ಉದ್ದೇಶಪೂರ್ವಕವಾಗಿ ಒದಗಿಸಬೇಕಾಗುತ್ತದೆ.

ಸಂಘದ ನೋಂದಣಿ

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಕನಿಷ್ಠ ಏಳು ಮಂದಿ ವಯಸ್ಕರು ಸೇರಿ ಸಂಘವನ್ನು ನೋಂದಾಯಿಸಬಹುದು. ಉದ್ದೇಶಗಳನ್ನು ವಿವರಿಸುವ ಜ್ಞಾಪನ ಪತ್ರ ಹಾಗೂ ನಿಯಮಾವಳಿಯನ್ನು ಸಿದ್ಧಪಡಿಸಿ, ಸಹಕಾರ ಇಲಾಖೆಯ ವ್ಯಾಪ್ತಿಗೆ ಬರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಉದ್ದೇಶಗಳಲ್ಲಿ ಚಿತ್ರ ಪ್ರದರ್ಶನದ ಜೊತೆಗೆ ಚರ್ಚೆ, ಶಿಬಿರ ಮತ್ತು ಪ್ರಕಟಣೆಗಳನ್ನೂ ನಮೂದಿಸುವುದು ಸೂಕ್ತ. ನೋಂದಣಿಯ ನಂತರ ಪ್ರತಿ ವರ್ಷ ಸರ್ವಸದಸ್ಯರ ಮಹಾಸಭೆ ನಡೆಸಿ, ಲೆಕ್ಕಪರಿಶೋಧನೆ ಮಾಡಿಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸುವುದು ಕಡ್ಡಾಯ. ಉತ್ಸಾಹದಿಂದ ಆರಂಭವಾದ ಸಂಘಗಳು ಎರಡು ಮೂರು ವರ್ಷ ಈ ದಾಖಲೆಗಳನ್ನು ಸಲ್ಲಿಸದೆ ಬಿಟ್ಟು, ನಂತರ ನೆರವಿಗೆ ಅರ್ಜಿ ಹಾಕುವ ಸಂದರ್ಭದಲ್ಲಿ ತೊಂದರೆಗೆ ಸಿಲುಕುವುದುಂಟು.

ನೋಂದಾಯಿತ ಸಂಘವು ಭಾರತೀಯ ಚಲನಚಿತ್ರ ಸಮಾಜಗಳ ಒಕ್ಕೂಟಕ್ಕೆ ಸೇರಬಹುದು. ಕಾಲೇಜುಗಳೊಳಗಿನ ಸಮಾಜಗಳಿಗೂ ಅಲ್ಲಿ ಅವಕಾಶವಿದೆ. ಒಕ್ಕೂಟದ ಮೂಲಕ ರಾಯಭಾರ ಕಚೇರಿಗಳ ಮತ್ತು ಸಾಂಸ್ಕೃತಿಕ ಕೇಂದ್ರಗಳ ಚಿತ್ರಗಳು ದೊರೆಯುವ ಸಾಧ್ಯತೆ ಹೆಚ್ಚು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಾಂಸ್ಕೃತಿಕ ಸಂಘ ಸಂಸ್ಥೆಗಳಿಗೆ ನೀಡುವ ಧನಸಹಾಯಕ್ಕೆ ಅರ್ಜಿ ಸಲ್ಲಿಸುವವರು ಲೆಕ್ಕಪರಿಶೋಧಿತ ಪಟ್ಟಿಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಆದರೆ ಧನಸಹಾಯವನ್ನೇ ನಂಬಿ ವರ್ಷದ ಕಾರ್ಯಕ್ರಮ ರೂಪಿಸುವುದು ವಿವೇಕವಲ್ಲ.

ಪರವಾನಗಿ, ಪ್ರಮಾಣಪತ್ರ ಹಾಗೂ ಹಕ್ಕುಸ್ವಾಮ್ಯ

ಈ ಮೂರೂ ಬೇರೆ ಬೇರೆ ವಿಷಯಗಳು. ಒಂದಕ್ಕೆ ಪಡೆದ ಅನುಮತಿಯು ಇನ್ನೊಂದಕ್ಕೆ ಅನ್ವಯವಾಗುವುದಿಲ್ಲ.

ಚಿತ್ರ ಪ್ರದರ್ಶನದ ಸ್ಥಳಕ್ಕೆ ಸಂಬಂಧಿಸಿದಂತೆ ಕರ್ನಾಟಕ ಚಲನಚಿತ್ರಗಳ (ನಿಯಂತ್ರಣ) ಅಧಿನಿಯಮ, 1964 ಜಾರಿಯಲ್ಲಿದ್ದು, ಜಿಲ್ಲಾ ದಂಡಾಧಿಕಾರಿಗಳು ಪರವಾನಗಿ ನೀಡುವ ಪ್ರಾಧಿಕಾರಿಗಳಾಗಿರುತ್ತಾರೆ. ಪ್ರದರ್ಶನವು ಸದಸ್ಯರಿಗಷ್ಟೇ ಸೀಮಿತವಾಗಿದ್ದರೂ, ಸ್ಥಳ ಮತ್ತು ಸ್ವರೂಪವನ್ನು ವಿವರಿಸಿ ಮುಂಚಿತವಾಗಿಯೇ ಲಿಖಿತ ಅರ್ಜಿಯ ಮೂಲಕ ಜಿಲ್ಲಾಧಿಕಾರಿಗಳ ಕಚೇರಿಯಿಂದ ಸ್ಪಷ್ಟನೆ ಪಡೆಯುವುದು ಉತ್ತಮ. ಬಾಗಿಲಲ್ಲಿ ಟಿಕೆಟು ಮಾರಿದಲ್ಲಿ ಅದು ಸದಸ್ಯರ ಕೂಟವೆಂಬ ಸ್ವರೂಪವನ್ನು ಕಳೆದುಕೊಳ್ಳುತ್ತದೆ.

ಚಿತ್ರದ ಪ್ರಮಾಣಪತ್ರವು ಚಲನಚಿತ್ರ ಅಧಿನಿಯಮ, 1952ರ ವ್ಯಾಪ್ತಿಗೆ ಬರುತ್ತದೆ. ಪ್ರಮಾಣಪತ್ರವಿಲ್ಲದ ವಿದೇಶಿ ಚಿತ್ರಗಳಿಗೆ ವಿನಾಯಿತಿ ನೀಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಅಂತಹ ಚಿತ್ರಗಳನ್ನು ತೋರಿಸಬಯಸುವವರು ಒಕ್ಕೂಟದ ಮುಖಾಂತರ ವ್ಯವಹರಿಸಬೇಕು. 2023ರ ತಿದ್ದುಪಡಿಯ ನಂತರ ಯುಎ ವರ್ಗವನ್ನು 7, 13 ಹಾಗೂ 16 ವರ್ಷಗಳ ಮೂರು ಹಂತಗಳಾಗಿ ವಿಂಗಡಿಸಲಾಗಿದೆ. ಶಾಲೆಗಳಲ್ಲಿ ಪ್ರದರ್ಶನ ಏರ್ಪಡಿಸುವವರು ಇದನ್ನು ಗಮನಿಸತಕ್ಕದ್ದು.

ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಹಕ್ಕುಸ್ವಾಮ್ಯದ ವಿಷಯದಲ್ಲಿ. ಡಿವಿಡಿ ಖರೀದಿಸಿದ ಮಾತ್ರಕ್ಕೆ ಅಥವಾ ಮೊಬೈಲ್ ಚಂದಾ ಪಾವತಿಸಿದ ಮಾತ್ರಕ್ಕೆ ಆ ಚಿತ್ರವನ್ನು ಸಭೆಯಲ್ಲಿ ತೋರಿಸುವ ಹಕ್ಕು ಬರುವುದಿಲ್ಲ. ಅದು ಮನೆಯ ವೀಕ್ಷಣೆಗೆ ಮಾತ್ರ. ಹವ್ಯಾಸಿ ತಂಡವು ಹಣ ಪಡೆಯದೆ ಅಭಿನಯಿಸುವ ನಾಟಕಕ್ಕೆ ಹಕ್ಕುಸ್ವಾಮ್ಯ ಅಧಿನಿಯಮ, 1957ರಲ್ಲಿ ಇರುವ ವಿನಾಯಿತಿಯು ಸಾಹಿತ್ಯ, ನಾಟಕ ಮತ್ತು ಸಂಗೀತ ಕೃತಿಗಳಿಗೆ ಸಂಬಂಧಿಸಿದ್ದಾಗಿದೆ. ಚಲನಚಿತ್ರವನ್ನು ಅದರಲ್ಲಿ ಹೆಸರಿಸಿಲ್ಲ. ಪ್ರವೇಶ ಉಚಿತವಾದ್ದರಿಂದ ಅನುಮತಿ ಬೇಡವೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಚಲನಚಿತ್ರದ ಹಕ್ಕುಸ್ವಾಮ್ಯದ ಅವಧಿಯು ಅದು ಪ್ರಕಟವಾದ ವರ್ಷದ ಮುಂದಿನ ಕ್ಯಾಲೆಂಡರ್ ವರ್ಷದ ಆರಂಭದಿಂದ 60 ವರ್ಷಗಳು. ಇದರ ಪ್ರಕಾರ 1955ರ 'ಪಥೇರ್ ಪಾಂಚಾಲಿ'ಯ ಅವಧಿಯು 2015ರ ಡಿಸೆಂಬರ್ 31ಕ್ಕೆ ಮುಗಿದಿದೆ. 1965ರ 'ಸತ್ಯ ಹರಿಶ್ಚಂದ್ರ'ದ ಲೆಕ್ಕ 2025ರ ಡಿಸೆಂಬರ್ 31ಕ್ಕೆ, 1967ರ 'ಬೆಳ್ಳಿಮೋಡ'ದ ಲೆಕ್ಕ 2027ರ ಡಿಸೆಂಬರ್ 31ಕ್ಕೆ ಬರುತ್ತದೆ. ಹಳೆಯ ಚಿತ್ರದ ಅವಧಿ ಮುಗಿದಿದ್ದರೂ, ಅದಕ್ಕೆ ನಂತರ ಸೇರಿಸಿದ ಉಪಶೀರ್ಷಿಕೆ, ಹೊಸ ಸಂಗೀತ ಅಥವಾ ವರ್ಣೀಕರಣದ ಮೇಲೆ ಪ್ರತ್ಯೇಕ ಹಕ್ಕುಗಳು ಇರಬಹುದಾದ್ದರಿಂದ ಪ್ರತಿಯನ್ನು ಒದಗಿಸುವವರಿಂದ ಪತ್ರ ಪಡೆದಿರಬೇಕು. 'ಸತ್ಯ ಹರಿಶ್ಚಂದ್ರ'ವು 2008ರಲ್ಲಿ ವರ್ಣದಲ್ಲಿ ಮರುಬಿಡುಗಡೆಯಾಗಿದೆ. ಸಮಾಜಗಳು ಮೂಲದ ಕಪ್ಪು ಬಿಳುಪು ಪ್ರತಿಯನ್ನೇ ಕೇಳಿ ಪಡೆಯುವುದು ಮೇಲು. ಅವಧಿ ಮುಗಿಯದ ಕನ್ನಡ ಚಿತ್ರಗಳಿಗೆ ನಿರ್ಮಾಪಕರ ಅಥವಾ ಅವರ ವಾರಸುದಾರರ ಲಿಖಿತ ಒಪ್ಪಿಗೆ ಅಗತ್ಯ.

ಜಮಾ ಖರ್ಚು

ಚಿತ್ರಸಮಾಜವು ಪ್ರೊಜೆಕ್ಟರ್ ಇಲ್ಲದೆ ನಿಲ್ಲುವುದು ಅಪರೂಪ. ಅದನ್ನು ಬಾಡಿಗೆಗೆ ತರಬಹುದು. ಸಂಘ ನಿಲ್ಲುವುದು ಸಾಮಾನ್ಯವಾಗಿ ನವೀಕರಣಗೊಳ್ಳದ ಸದಸ್ಯತ್ವದಿಂದ ಮತ್ತು ಒಬ್ಬರ ಜೇಬಿನಿಂದ ನಡೆದ ಖರ್ಚಿನಿಂದ. ಉದಾಹರಣೆಗೆ, 75 ಸದಸ್ಯರು ವರ್ಷಕ್ಕೆ ತಲಾ 400 ರೂಪಾಯಿ ನೀಡಿದಲ್ಲಿ 30,000 ರೂಪಾಯಿ ಸಂಗ್ರಹವಾಗುತ್ತದೆ. ತಿಂಗಳಿಗೊಂದರಂತೆ 12 ಪ್ರದರ್ಶನಗಳಿಗೆ ಪ್ರೊಜೆಕ್ಟರ್ ಮತ್ತು ಧ್ವನಿವ್ಯವಸ್ಥೆಯ ಬಾಡಿಗೆ ತಲಾ 1,200, ಸಭಾಂಗಣಕ್ಕೆ 500, ಪರಿಚಯ ಪತ್ರಿಕೆಯ ಮುದ್ರಣಕ್ಕೆ 200 ರೂಪಾಯಿಯೆಂದು ಹಿಡಿದರೆ ಒಟ್ಟು 22,800 ರೂಪಾಯಿ ವೆಚ್ಚ ತಗಲುತ್ತದೆ. ಉಳಿಯುವ 7,200 ರೂಪಾಯಿಯಲ್ಲಿ ಚಿತ್ರದ ಹಕ್ಕಿನ ಶುಲ್ಕ, ಒಕ್ಕೂಟದ ಚಂದಾ ಹಾಗೂ ಲೆಕ್ಕಪರಿಶೋಧನೆಯ ವೆಚ್ಚವನ್ನು ಭರಿಸಬೇಕು. ಎರಡನೆಯ ವರ್ಷ ಸದಸ್ಯರು 50ಕ್ಕೆ ಇಳಿದಲ್ಲಿ ಸಂಗ್ರಹವು 20,000 ರೂಪಾಯಿಯಾಗಿ, ಪ್ರದರ್ಶನದ ವೆಚ್ಚಕ್ಕೇ 2,800 ರೂಪಾಯಿ ಕೊರತೆ ಬೀಳುತ್ತದೆ. ಈ ದರಗಳಲ್ಲಿ ಕನಿಷ್ಠ 57 ಸದಸ್ಯರಿಲ್ಲದೆ ಪ್ರದರ್ಶನಗಳಷ್ಟೂ ನಡೆಯವು. ಊರೂರಿನ ದರಗಳು ಬೇರೆಯಾದರೂ ಲೆಕ್ಕದ ಕ್ರಮ ಒಂದೇ. ಇಂತಹ ಲೆಕ್ಕವನ್ನು ವರ್ಷಾರಂಭದಲ್ಲಿಯೇ ಮಹಾಸಭೆಯ ಮುಂದಿಟ್ಟರೆ ಸದಸ್ಯರನ್ನು ಕರೆತರುವ ಹೊಣೆ ಕಾರ್ಯದರ್ಶಿಯೊಬ್ಬರದೇ ಆಗಿ ಉಳಿಯುವುದಿಲ್ಲ.

ಹಣವನ್ನು ಸಂಘದ ಹೆಸರಿನ ಬ್ಯಾಂಕ್ ಖಾತೆಯಲ್ಲಿಟ್ಟು, ಇಬ್ಬರು ಪದಾಧಿಕಾರಿಗಳ ಜಂಟಿ ಸಹಿಯಿಂದ ನಿರ್ವಹಿಸಬೇಕು. ಹಿಂದಿನ ರಾಜ್ಯ ಮನರಂಜನಾ ತೆರಿಗೆಯು 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ವಿಲೀನಗೊಂಡಿದೆ. ಸೇವೆಗಳಿಗೆ ವಾರ್ಷಿಕ 20 ಲಕ್ಷ ರೂಪಾಯಿಯ ವಹಿವಾಟಿನವರೆಗೆ ಸಾಮಾನ್ಯವಾಗಿ ನೋಂದಣಿ ಅಗತ್ಯವಿಲ್ಲದ್ದರಿಂದ ಈ ಗಾತ್ರದ ಸಂಘಗಳಿಗೆ ಅದು ಚಿಂತೆಯ ವಿಷಯವಾಗಲಾರದು.

ಕಾಲ, ಸ್ಥಳ ಮತ್ತು ಭಾಷೆ

ಪ್ರದರ್ಶನದ ದಿನವನ್ನು ನಗರದ ರೂಢಿಯಂತೆ ಭಾನುವಾರ ಸಂಜೆಯೆಂದು ಕುರುಡಾಗಿ ನಿಗದಿಪಡಿಸಬಾರದು. ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ತಂಬಾಕು ಹದಗೊಳಿಸುವ ದಿನಗಳಲ್ಲಿ ಬೆಳೆಗಾರರು ಹಗಲಿರುಳು ಬ್ಯಾರನ್ನಿನ ಬೆಂಕಿಯನ್ನು ಕಾಯಬೇಕಾಗುತ್ತದೆ. ಆ ದಿನಗಳಲ್ಲಿ ಸಂಜೆಯ ಸಭೆಗೆ ಅವರು ಬರಲಾರರು. ಹರಾಜು ಮುಗಿದ ಬೇಸಿಗೆಯ ತಿಂಗಳುಗಳು ಅನುಕೂಲ. ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ಭತ್ತದ ನಾಟಿ ಮತ್ತು ಕೊಯ್ಲಿನ ವಾರಗಳನ್ನು ಬಿಡಬೇಕು. ಜನವರಿಯ ಚುಂಚನಕಟ್ಟೆ ಜಾತ್ರೆಯ ಸಂದರ್ಭದಲ್ಲಿ, ದನಗಳ ಪರಿಷೆಗೆ ಬಂದವರಿಗಾಗಿ ಪರಿಚಯಾತ್ಮಕ ಪ್ರದರ್ಶನವೊಂದನ್ನು ಸೂಕ್ತ ಅನುಮತಿಯೊಂದಿಗೆ ಯೋಜಿಸಬಹುದು.

ಕಾಡಂಚಿನ ಗ್ರಾಮಗಳಲ್ಲಿ ಹಾಗೂ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳ ಹಾಡಿಗಳಲ್ಲಿ ಕತ್ತಲಾದ ಮೇಲೆ ಆನೆಗಳ ಸಂಚಾರವಿರುವುದರಿಂದ ಪ್ರದರ್ಶನವನ್ನು ಹಗಲಿನಲ್ಲಿಯೇ ಇಟ್ಟು, ಪ್ರೇಕ್ಷಕರು ಬೆಳಕಿರುವಾಗಲೇ ಮನೆ ಸೇರುವಂತೆ ಮಾಡಬೇಕು. ಆಶ್ರಮ ಶಾಲೆಯ ಕೊಠಡಿಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದರೆ ಸಾಕಾಗುತ್ತದೆ. 'ಕಾಕನಕೋಟೆ' ಚಿತ್ರವನ್ನು ಇಲ್ಲಿ ತೋರಿಸುವುದಾದಲ್ಲಿ, ತಮ್ಮ ಜನರನ್ನು ಕುರಿತು ಹೊರಗಿನವರು ಕಟ್ಟಿದ ಕಥೆಯ ಬಗ್ಗೆ ಹಾಡಿಯ ಹಿರಿಯರಿಗೇ ಮೊದಲು ಮಾತನಾಡಲು ಅವಕಾಶ ನೀಡುವುದು ಯುಕ್ತ.

ವಿದೇಶಿ ಚಿತ್ರಗಳ ಉಪಶೀರ್ಷಿಕೆಗಳು ಬಹುತೇಕ ಇಂಗ್ಲಿಷಿನಲ್ಲಿರುವುದು ನಿಜವಾದ ಅಡಚಣೆ. ಇದಕ್ಕೆ ಎರಡು ದಾರಿಗಳಿವೆ. ಹೆಗ್ಗೋಡಿನಂತೆ ಕನ್ನಡದ ಪರಿಚಯವನ್ನು ಮುಂಚಿತವಾಗಿ ನೀಡುವುದು ಒಂದು. ಒಂದು ಪುಟದ ಪತ್ರಿಕೆಯಲ್ಲಿ ಪಾತ್ರಗಳ ಹೆಸರು, ಕಥೆಯ ಹಿನ್ನೆಲೆ, ಆ ದೇಶದ ಆ ಕಾಲದ ಸ್ಥಿತಿಗತಿ ಇದ್ದರೆ ಸಾಕು, ಕೊನೆಯನ್ನು ಹೇಳಿಬಿಡಬಾರದು. ಮಾತಿಲ್ಲದ ಚಿತ್ರಗಳಿಂದ ಆರಂಭಿಸುವುದು ಇನ್ನೊಂದು. ಚಾಪ್ಲಿನ್ ಅವರ 'ಗೋಲ್ಡ್ ರಷ್' (1925), ಐಸೆನ್‌ಸ್ಟೈನ್ ಅವರ 'ಬ್ಯಾಟಲ್‌ಶಿಪ್ ಪೊಟೆಮ್‌ಕಿನ್' (1925), ಫ್ಲಾಹರ್ಟಿಯವರ 'ನಾನೂಕ್ ಆಫ್ ದ ನಾರ್ತ್' (1922) ಚಿತ್ರಗಳಲ್ಲಿ ಓದಬೇಕಾದ ಬರಹ ಕಡಿಮೆ. ಅದನ್ನು ಒಬ್ಬರು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬಹುದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಹಾಗೂ ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ನಿರಾಶ್ರಿತರ ನೆಲೆಗಳ ನಿವಾಸಿಗಳು ಮತ್ತು ಅಕ್ಕಪಕ್ಕದ ಕನ್ನಡಿಗರು ಒಂದೇ ಸಭೆಯಲ್ಲಿ ಕುಳಿತು ನೋಡಲು ಇಂತಹ ಚಿತ್ರಗಳಿಗಿಂತ ಸುಲಭವಾದುದು ಬೇರೆಯಿಲ್ಲ.

ಕನ್ನಡದ ಚಿತ್ರಗಳಲ್ಲಿ ಸಂಸ್ಕಾರ (1970), ವಂಶವೃಕ್ಷ, ಕಾಡು (1973), ಚೋಮನ ದುಡಿ (1975) ಮೊದಲಾದವು ಚರ್ಚೆಗೆ ಹೇರಳ ಅವಕಾಶ ನೀಡುತ್ತವೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರದ ಪುನರುಜ್ಜೀವಿತ ಪ್ರತಿಯು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿದೆ.

ಪ್ರತಿ ಪ್ರದರ್ಶನದ ನಂತರ ಹಾಜರಾತಿ ಸಂಖ್ಯೆ, ಚಿತ್ರದ ಹೆಸರು, ಪ್ರತಿಯನ್ನು ಒದಗಿಸಿದವರ ವಿವರ, ಅನುಮತಿ ಪತ್ರದ ಸಂಖ್ಯೆ ಹಾಗೂ ಚರ್ಚೆಯಲ್ಲಿ ಬಂದ ಮಾತುಗಳ ಸಂಗ್ರಹವನ್ನು ಒಂದು ವಹಿಯಲ್ಲಿ ದಾಖಲಿಸಬೇಕು. ಲೆಕ್ಕಪರಿಶೋಧಕರಿಗೆ ಬೇಕಾಗುವುದು ಮೊದಲ ನಾಲ್ಕು ಕಲಮುಗಳು ಮಾತ್ರ. ಐದನೆಯ ಕಲಮಿನ ಪ್ರತಿಯೊಂದನ್ನು ವರ್ಷಕ್ಕೊಮ್ಮೆ ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯಕ್ಕೆ ನೀಡಿದಲ್ಲಿ, ಮುಂದೆ ಬರುವ ಕಾರ್ಯದರ್ಶಿಗಳಿಗೂ ವಿದ್ಯಾರ್ಥಿಗಳಿಗೂ ಅದು ದೊರೆಯುವಂತಾಗುತ್ತದೆ.